ಜಾರ್ಜ್ ಸಾಂಡ್ ಕೂತು ಬರೆದ ಮೇಜುಗಳು: ಪ್ಯಾರಿಸ್‌ನಿಂದ ಗಾರ್ಜಿಲೆಸ್‌ವರೆಗೆ ಐದು ದಿನ

19ನೇ ಶತಮಾನದ ಫ್ರೆಂಚ್ ಲೇಖಕಿ ಜಾರ್ಜ್ ಸಾಂಡ್ ಅಂದೊಡನೆ ಆಕೆಯ ಪ್ರೇಮಿ, ಸಂಗೀತಗಾರ ಶೋಪ್ಯಾಂ ನೆನಪಾಗುತ್ತಾನೆ, ಆಮೇಲೆ ಗಂಡಸರ ಉಡುಪು, ಚುರುಟು. ಎಪ್ಪತ್ತರ ಹತ್ತಿರದ ಕಾದಂಬರಿಗಳು, ಹತ್ತಾರು ನಾಟಕಗಳು, 25 ಸಂಪುಟ ಮೀರುವ ಪತ್ರಗಳು ಹಿಂದೆ ಸರಿದುಬಿಡುತ್ತವೆ. ಇದು ಅನ್ಯಾಯ. ಆದ್ದರಿಂದ ಈ ಪ್ರವಾಸದ ದಾರಿಯನ್ನು ಆಕೆಯ ಪ್ರೇಮಗಳ ಜಾಡಿನಲ್ಲಿ ಹಾಕಿಲ್ಲ, ಆಕೆ ಕೂತು ಬರೆದ ಜಾಗಗಳ ಜಾಡಿನಲ್ಲಿ ಹಾಕಿದೆ. ಹೆಂಡತಿಯ ಆಸ್ತಿಗೆ ಗಂಡನೇ ಒಡೆಯನಾಗಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಬರವಣಿಗೆಯ ಸಂಪಾದನೆಯಲ್ಲಿ ಮನೆ, ಮಕ್ಕಳು, ನಂಟರು, ಸ್ನೇಹಿತರನ್ನೆಲ್ಲ ಸಾಕಿದ್ದು ಹೇಗೆ ಅನ್ನುವುದು ಆ ಕೋಣೆಗಳಲ್ಲಿ ನಿಂತರೆ ತಿಳಿಯುತ್ತದೆ.

ಬುಧವಾರ ಶುರುಮಾಡುವುದು ಅನುಕೂಲ. ಪ್ಯಾರಿಸ್‌ನ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ, ಸಾಂಡ್‌ಳ ಹಳ್ಳಿಮನೆಗೆ ಹತ್ತಿರದ ಲಾ ಶಾತ್ರ್ ಊರಿನ ಸಂತೆ ಶನಿವಾರ. ಬುಧವಾರ ಹೊರಟರೆ ಎರಡೂ ಸಿಗುತ್ತವೆ. ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ, ಹಳ್ಳಿಗಳಲ್ಲಿ ಅರ್ಧ ಬಾಗಿಲುಗಳು ಹಾಕಿರುತ್ತವೆ.

ಮೊದಲ ದಿನ, ಬುಧವಾರ: ಪ್ಯಾರಿಸ್

ಬೆಳಿಗ್ಗೆ ರೆಪ್ಯುಬ್ಲಿಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಐದು ನಿಮಿಷ ನಡೆದರೆ ಮೆಲೆ ಬೀದಿ. ಅಲ್ಲಿನ 46ನೇ ನಂಬರಿನ ಮನೆಯಲ್ಲಿ 1804ರ ಜುಲೈ 1ರಂದು ಒರೋರ್ ದ್ಯುಪ್ಯಾಂ, ಅಂದರೆ ಮುಂದಿನ ಜಾರ್ಜ್ ಸಾಂಡ್, ಹುಟ್ಟಿದಳು. ತಂದೆ ತಾಯಿಯ ಮದುವೆ ಆಗಿ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ತಂದೆ ಮೊರೀಸ್ ಸೇನಾಧಿಕಾರಿ, ಪೋಲೆಂಡಿನ ದೊರೆಯೊಬ್ಬನ ಅನೌರಸ ಸಂತಾನದ ಕುಡಿ. ತಾಯಿ ಸೋಫಿ ಹಕ್ಕಿ ಮಾರುವವನ ಮಗಳು. ಅರಮನೆ ಮತ್ತು ಹಕ್ಕಿಯಂಗಡಿ, ಎರಡೂ ತನ್ನ ರಕ್ತದಲ್ಲಿವೆ ಎಂಬುದನ್ನು ಆಕೆ ಕೊನೆಯತನಕ ಮುಚ್ಚಿಡಲಿಲ್ಲ. ಆತ್ಮಕಥೆಯನ್ನು ಅಲ್ಲಿಂದಲೇ ಶುರುಮಾಡಿದಳು. ಮನೆ ಹೊರಗಿನಿಂದ ನೋಡುವುದಕ್ಕಷ್ಟೇ. ಹತ್ತು ನಿಮಿಷ ಸಾಕು.

ಅಲ್ಲಿಂದ ಸೇನ್ ನದಿ ದಾಟಿ ಸಾಂ-ಮಿಶೆಲ್ ದಂಡೆಗೆ ಬರಬೇಕು. ಇಲ್ಲಿ ನಿಂತು ತಲೆಯೆತ್ತಿ ಮೇಲ್ಮಹಡಿಗಳನ್ನು ನೋಡಿ. 1831ರ ಜನವರಿಯಲ್ಲಿ 26 ವರ್ಷದ ಒರೋರ್ ಗಂಡ ಕಾಸಿಮೀರ್ ದ್ಯುದ್ವಾಂನನ್ನೂ ಇಬ್ಬರು ಮಕ್ಕಳನ್ನೂ ನೊಆಂ ಹಳ್ಳಿಯ ಮನೆಯಲ್ಲಿ ಬಿಟ್ಟು ಪ್ಯಾರಿಸ್‌ಗೆ ಬಂದಳು. ವರ್ಷದ ಒಂದಷ್ಟು ತಿಂಗಳು ಇಲ್ಲಿ, ಉಳಿದದ್ದು ಅಲ್ಲಿ, ಖರ್ಚಿಗೆ ವರ್ಷಕ್ಕೆ 3,000 ಫ್ರಾಂಕ್ ಅನ್ನುವುದು ಗಂಡನ ಜೊತೆಗಿನ ಒಪ್ಪಂದ. ಅಂದರೆ ತಿಂಗಳಿಗೆ 250. ಈ ದಂಡೆಯಲ್ಲಿ ಐದು ಮಹಡಿ ಮೇಲೆ ಮೂರು ಪುಟ್ಟ ಕೋಣೆ ಹಿಡಿದಳು, ಬಾಡಿಗೆ ವರ್ಷಕ್ಕೆ 300. ಊಟ ತಂದುಕೊಡುವವನಿಗೆ ದಿನಕ್ಕೆ 2 ಫ್ರಾಂಕ್, ಮನೆಗೆಲಸ ಮಾಡಿಕೊಡುವ ಕಾವಲುಗಾರ್ತಿಗೆ ತಿಂಗಳಿಗೆ 15. ನಯವಾದ ಬಟ್ಟೆಗಳನ್ನು ತಾನೇ ಒಗೆದು ಇಸ್ತ್ರಿ ಹಾಕುತ್ತಿದ್ದಳು. ಈ ಲೆಕ್ಕವನ್ನೆಲ್ಲ ಆಕೆಯೇ ಬರೆದಿಟ್ಟಿದ್ದಾಳೆ.

ಗಂಡಸರ ಉಡುಪಿನ ವಿಷಯ ಅರ್ಥವಾಗುವುದೂ ಈ ಲೆಕ್ಕದಲ್ಲೇ. ಆ ಕಾಲದ ಹೆಂಗಸರ ಪಾದರಕ್ಷೆ ಪ್ಯಾರಿಸ್‌ನ ಕಲ್ಲುಹಾಸಿನ ಮೇಲೆ ಎರಡು ದಿನಕ್ಕೇ ಹರಿಯುತ್ತಿತ್ತು. ಕೆಸರಿಗೆಂದು ಅದರ ಮೇಲೆ ಮರದಡಿಯ ಮೆಟ್ಟು ಹಾಕಿದರೆ ಕಾಲು ಜಾರುತ್ತಿತ್ತು. ಮಖಮಲ್ಲಿನ ಟೋಪಿ ಸೂರಿನ ನೀರು ಬಿದ್ದು ಹಾಳಾಗುತ್ತಿತ್ತು. ರಂಗಮಂದಿರದಲ್ಲಿ ಕಡಿಮೆ ದರದ ನೆಲದ ಜಾಗಕ್ಕೆ ಗಂಡಸರಿಗಷ್ಟೇ ಪ್ರವೇಶ. ಹಾಗಾಗಿ ದಪ್ಪ ಬೂದುಬಣ್ಣದ ಬಟ್ಟೆಯಲ್ಲಿ ಉದ್ದನೆಯ ಕೋಟು, ಅದೇ ಬಟ್ಟೆಯ ಷರಾಯಿ, ಒಳಗವಸು ಹೊಲಿಸಿಕೊಂಡಳು, ಹಿಮ್ಮಡಿಗೆ ಕಬ್ಬಿಣ ಹೊಡೆದ ಬೂಟು ಕೊಂಡಳು. 1800ರ ಪೊಲೀಸ್ ಆಜ್ಞೆಯ ಪ್ರಕಾರ ಹೆಂಗಸರು ಹೀಗೆ ಉಡಬೇಕಾದರೆ ಅನುಮತಿ ಬೇಕಿತ್ತು. ಪತ್ರಿಕೆಗೆ ಬರೆಯುವವರು ನಾಟಕ, ಬೀದಿ, ಜನ ಎಲ್ಲವನ್ನೂ ನೋಡಲೇಬೇಕು. ಆ ಉಡುಪು ಕೆಲಸದ ಉಡುಪು.

ಆ ಕೆಲಸ ಮೊದಲು ಕೈಹಿಡಿಯಲಿಲ್ಲ. ‘ಲ ಫಿಗಾರೊ’ ಆಗ ಚುರುಕು ಟಿಪ್ಪಣಿಗಳ ಸಣ್ಣ ಪತ್ರಿಕೆ. ಸಂಪಾದಕ ಲಾತೂಶ್ ಅಳತೆಗೆ ಕತ್ತರಿಸಿದ ಕಾಗದದ ತುಂಡು ಕೊಟ್ಟು ಅಷ್ಟರಲ್ಲೇ ಮುಗಿಸು ಅನ್ನುತ್ತಿದ್ದ. ಈಕೆಗೆ ಮಾತು ಆರಂಭವಾಗುವ ಹೊತ್ತಿಗೆ ತುಂಡು ಮುಗಿದಿರುತ್ತಿತ್ತು. ಕಾಲಮ್ಮಿಗೆ 7 ಫ್ರಾಂಕ್ ದರ. ತಿಂಗಳ ಕೊನೆಗೆ ಕೈಗೆ ಬಂದದ್ದು 12ರಿಂದ 15. ಗೆಳೆಯ, ಯುವ ಬರಹಗಾರ ಜೂಲ್ ಸಾಂಡೋ ಜೊತೆ ಸೇರಿ ಬರೆದ ಕಾದಂಬರಿ 1831ರಲ್ಲಿ ‘ಜೆ. ಸಾಂಡ್’ ಹೆಸರಲ್ಲಿ ಬಂತು. ಮುಂದಿನ ‘ಇಂಡಿಯಾನಾ’ ಪೂರ್ತಿ ಈಕೆಯದೇ. ತಾನು ಬರೆಯದ ಪುಸ್ತಕಕ್ಕೆ ಹೆಸರು ಹಾಕಿಕೊಳ್ಳಲು ಸಾಂಡೋ ಒಪ್ಪಲಿಲ್ಲ. ಪ್ರಕಾಶಕನಿಗೆ ಆಗಲೇ ಓದುಗರಿಗೆ ಪರಿಚಯವಾಗಿದ್ದ ಹೆಸರು ಬೇಕು. ಕೊನೆಗೆ ಸಾಂಡ್ ಉಳಿಯಿತು, ಮುಂದಿನ ಹೆಸರು ಬದಲಾಯಿತು. 1832ರ ಮೇ ತಿಂಗಳಲ್ಲಿ ‘ಜಿ. ಸಾಂಡ್’ ಹುಟ್ಟಿದ್ದು ಹೀಗೆ.

ದಂಡೆಯಗುಂಟ ಪಶ್ಚಿಮಕ್ಕೆ ಹದಿನೈದು ನಿಮಿಷ ನಡೆದರೆ ಮಲಾಕೆ ದಂಡೆಯ 19ನೇ ನಂಬರು, ಆಕೆಯ ಮುಂದಿನ ಮನೆ. ಇಲ್ಲಿಗೆ ಬಂದ ವರ್ಷವೇ ‘ರೆವ್ಯೂ ದೆ ದ್ಯೂ ಮೋಂದ್’ ಪತ್ರಿಕೆಯೊಡನೆ ಕರಾರಾಯಿತು: ಆರು ವಾರಕ್ಕೊಮ್ಮೆ 32 ಪುಟ, ವರ್ಷಕ್ಕೆ 4,000 ಫ್ರಾಂಕ್. ಗಂಡ ಕೊಡುತ್ತಿದ್ದ 3,000ದ ಪಕ್ಕದಲ್ಲಿ ಈ ಮೊತ್ತವನ್ನು ಇಟ್ಟು ನೋಡಿ. ಪ್ಯಾರಿಸ್‌ಗೆ ಬಂದು ಇನ್ನೂ ಎರಡು ವರ್ಷ ಆಗಿರಲಿಲ್ಲ.

ಮಧ್ಯಾಹ್ನ ಮೆಟ್ರೊದಲ್ಲಿ ಸಾಂ-ಜಾರ್ಜ್ ಅಥವಾ ಪಿಗಾಲ್‌ನಲ್ಲಿ ಇಳಿದು ಶಪ್ತಾಲ್ ಬೀದಿಯ 16ಕ್ಕೆ ಹೋಗಬೇಕು. ಚಿತ್ರಕಾರ ಆರಿ ಶೆಫೆರ್ ವಾಸವಿದ್ದ ಆ ಮನೆ ಈಗ ರೊಮ್ಯಾಂಟಿಕ್ ಯುಗದ ಮ್ಯೂಸಿಯಂ. ನಗರಪಾಲಿಕೆಯದಾದ್ದರಿಂದ ಶಾಶ್ವತ ಸಂಗ್ರಹಕ್ಕೆ ಟಿಕೆಟ್ ಇಲ್ಲ. ದುರಸ್ತಿಗೆಂದು ದೀರ್ಘಕಾಲ ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸಿ. ಸಾಂಡ್‌ಳ ಮೊಮ್ಮಗಳು, ಆಕೆಯದೇ ಹೆಸರಿನ ಒರೋರ್ ಕೊಟ್ಟ ಒಡವೆ, ಚಿತ್ರ, ಪೀಠೋಪಕರಣ ಇಲ್ಲಿವೆ. ಎರಡು ವಸ್ತುಗಳ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಒಂದು, ಸಾಂಡ್‌ಳ ಕೈಯ ಪ್ಲಾಸ್ಟರ್ ಅಚ್ಚು. ನೂರಾರು ಸಂಪುಟ ಬರೆದ ಕೈ ಎಷ್ಟು ಚಿಕ್ಕದು! ಇನ್ನೊಂದು, ‘ಡೆಂಡ್ರೈಟ್’ ಎಂಬ ಜಲವರ್ಣ ಚಿತ್ರಗಳು. ಒದ್ದೆ ಬಣ್ಣದ ಮೇಲೆ ಕಾಗದ ಒತ್ತಿ ಎತ್ತಿದರೆ ಜರೀಗಿಡದಂಥ ಕವಲುಗಳು ಮೂಡುತ್ತವೆ. ಅವನ್ನು ಕುಂಚದಿಂದ ತಿದ್ದಿ ಕಾಡು, ಹೊಳೆ ಮಾಡುತ್ತಿದ್ದಳು. ಅಲ್ಲಿಂದ ಹತ್ತು ನಿಮಿಷದ ನಡಿಗೆಯಲ್ಲಿ ತೆಬೂ ಬೀದಿಯ 80ನೇ ನಂಬರು, ಓರ್ಲಿಯಾಂ ಚೌಕ. 1842ರಿಂದ 1847ರವರೆಗೆ ಸಾಂಡ್ ಮತ್ತು ಶೋಪ್ಯಾಂ ಈ ಅಂಗಳದ ಬೇರೆ ಬೇರೆ ಮನೆಗಳಲ್ಲಿದ್ದರು. ಖಾಸಗಿ ಜಾಗ, ಕೆಲಸದ ದಿನ ಹಗಲಲ್ಲಿ ಮಾತ್ರ ಗೇಟು ತೆರೆದಿರುತ್ತದೆ, ಶನಿವಾರ ಭಾನುವಾರ ಹೋದರೆ ಹೊರಗೇ ನಿಲ್ಲಬೇಕು.

ಎರಡನೇ ದಿನ, ಗುರುವಾರ: ಶಾತೊರೂ ದಾರಿ

ಆಸ್ಟರ್ಲಿಟ್ಜ್ ನಿಲ್ದಾಣದಿಂದ ಲಿಮೋಜ್ ಕಡೆಯ ರೈಲು ಹತ್ತಿದರೆ ಸುಮಾರು ಎರಡು ತಾಸಿಗೆ ಶಾತೊರೂ. ಸೀಟು ಕಾಯ್ದಿರಿಸಲೇಬೇಕು. ಈ ಮಾರ್ಗದಲ್ಲಿ ಹಳಿ ಕೆಲಸ ಪದೇ ಪದೇ ನಡೆಯುವುದರಿಂದ ಹಿಂದಿನ ದಿನ ವೇಳೆಯನ್ನು ಮತ್ತೊಮ್ಮೆ ನೋಡಿಕೊಳ್ಳಿ. ಶಾತೊರೂಗೆ ರೈಲು ಬಂದದ್ದು 1847ರ ಕೊನೆಯಲ್ಲಿ. ಶೋಪ್ಯಾಂ ನೊಆಂನಲ್ಲಿ ಕಳೆದ ಕೊನೆಯ ಬೇಸಿಗೆ 1846. ಆತ ಬಂದದ್ದೆಲ್ಲ ಕುದುರೆಗಾಡಿಯ ಕುಲುಕಾಟದಲ್ಲೇ. ಕಾದಂಬರಿಕಾರರಾದ ಫ್ಲೊಬೇರ್, ತುರ್ಗೆನೆವ್ ಬರುವ ಹೊತ್ತಿಗೆ ದಾರಿ ಹಗುರವಾಗಿತ್ತು.

ಶಾತೊರೂನಿಂದ ನೊಆಂ 30 ಕಿ.ಮೀ. ಲಾ ಶಾತ್ರ್ ಕಡೆ ಹೋಗುವ ‘ರೇಮಿ’ ಎಂಬ ಪ್ರಾದೇಶಿಕ ಬಸ್ಸು ನೊಆಂನಲ್ಲಿ ನಿಲ್ಲುತ್ತದೆ. ದಿನಕ್ಕೆ ಕೆಲವೇ ಬಸ್ಸು, ಶಾಲೆಗೆ ರಜೆ ಇದ್ದರೆ ಇನ್ನೂ ಕಡಿಮೆ. ನಾಲ್ಕನೇ ಐದನೇ ದಿನದ ಜಾಗಗಳಿಗೆ ಬಸ್ಸನ್ನು ನಂಬಿ ಫಲವಿಲ್ಲ, ಕಾರು ಬೇಕು. ಆಟೊಮ್ಯಾಟಿಕ್ ಗೇರಿನ ಕಾರು ಸಣ್ಣ ಊರುಗಳಲ್ಲಿ ಅಪರೂಪ, ಒಂದು ತಿಂಗಳು ಮುಂಚೆ ಹೇಳಿಡಿ. ಬಾಡಿಗೆ ಕಚೇರಿ ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚಿರುವುದು ಸಾಮಾನ್ಯ; ಹನ್ನೆರಡೂವರೆಗೆ ಇಳಿಯುವ ರೈಲು ಹಿಡಿದರೆ ಬಾಗಿಲ ಮುಂದೆ ಪೆಟ್ಟಿಗೆ ಇಟ್ಟುಕೊಂಡು ಕಾಯಬೇಕು. ಲೈಸೆನ್ಸಿನ ಜೊತೆ ಅಂತರರಾಷ್ಟ್ರೀಯ ಪರವಾನಗಿಯನ್ನೂ ಊರಿನಿಂದಲೇ ಮಾಡಿಸಿ ತನ್ನಿ.

ತಂಗಲು ನೊಆಂಗಿಂತ 6 ಕಿ.ಮೀ. ಮುಂದಿನ ಲಾ ಶಾತ್ರ್ ವಾಸಿ. ಊಟದ ಹೊತ್ತು ಕಟ್ಟುನಿಟ್ಟು: ಒಂದೂವರೆ ದಾಟಿದರೆ ಮಧ್ಯಾಹ್ನದೂಟ ಇಲ್ಲ, ರಾತ್ರಿ ಒಂಬತ್ತರ ಮೇಲೆ ಒಲೆ ಆರಿರುತ್ತದೆ. ಮಾಂಸ ತಿನ್ನದವರಿಗೆ ಬೆರಿ ಎಂಬ ಈ ಸೀಮೆಯಲ್ಲಿ ಎರಡು ಒಳ್ಳೆಯ ತಿನಿಸುಗಳಿವೆ: ಪದರ ಪದರದ ಹಿಟ್ಟಿನೊಳಗೆ ಆಲೂಗಡ್ಡೆ ತುಂಬಿ ಬೇಯಿಸಿದ ‘ಗಲೆತ್’, ಮತ್ತು ಇಲ್ಲಿನ ಹಸಿರು ಮಸೂರ. ಮಸೂರದಲ್ಲಿ ಹಂದಿಮಾಂಸದ ತುಣುಕು ಹಾಕುವ ರೂಢಿಯಿದೆ, ಕೇಳಿಯೇ ತರಿಸಿಕೊಳ್ಳಿ.

ಮೂರನೇ ದಿನ, ಶುಕ್ರವಾರ: ನೊಆಂ

ಇದೇ ಈ ಪ್ರವಾಸದ ಹೃದಯ. ಮನೆಯೊಳಗೆ ಮಾರ್ಗದರ್ಶಕರ ಜೊತೆಗಷ್ಟೇ ಬಿಡುತ್ತಾರೆ, ಒಂದು ತಂಡದಲ್ಲಿ ಕೆಲವರೇ, ವಿವರಣೆ ಫ್ರೆಂಚಿನಲ್ಲಿ. ಬೇಸಿಗೆಯಲ್ಲಿ ಬಂದ ಮೇಲೆ ಟಿಕೆಟ್ ಕೇಳಿದರೆ ಎರಡು ತಾಸು ಕಾಯುವುದಾಗುತ್ತದೆ. ಅಂತರ್ಜಾಲದಲ್ಲಿ ಮೊದಲೇ ತೆಗೆದುಕೊಂಡು ಬೆಳಗಿನ ಮೊದಲ ತಂಡಕ್ಕೆ ಸೇರಿ. ಜನವರಿ 1, ಮೇ 1, ಡಿಸೆಂಬರ್ 25ರಂದು ರಜೆ. ಫ್ರೆಂಚ್ ಬಾರದವರು ಕೋಣೆಗಳ ಕ್ರಮವನ್ನು ಮೊದಲೇ ಓದಿಕೊಂಡಿದ್ದರೆ ಏನೂ ತಪ್ಪುವುದಿಲ್ಲ.

ಈ ಮನೆಯನ್ನು 1793ರಲ್ಲಿ ಕೊಂಡವಳು ಅಪ್ಪನ ತಾಯಿ. ಒರೋರ್‌ಗೆ ನಾಲ್ಕು ವರ್ಷವಿದ್ದಾಗ, 1808ರಲ್ಲಿ, ತಂದೆ ಲಾ ಶಾತ್ರ್ ಬಳಿ ಕುದುರೆಯಿಂದ ಬಿದ್ದು ತೀರಿಕೊಂಡ. ಅಜ್ಜಿ ಬೆಳೆಸಿದಳು, 1821ರಲ್ಲಿ ಹೋದಾಗ ಮನೆ ಮೊಮ್ಮಗಳಿಗೆ ಬಂತು. ಮರುವರ್ಷ ಮದುವೆ. ಮದುವೆಯಾದೊಡನೆ ಆಸ್ತಿಯ ಆಡಳಿತ ಕಾಯಿದೆಯ ಪ್ರಕಾರ ಗಂಡನ ಕೈಗೆ ಹೋಯಿತು. ವಿಚ್ಛೇದನ ಪಡೆಯೋಣವೆಂದರೆ 1816ರಲ್ಲೇ ಅದನ್ನು ರದ್ದುಮಾಡಿದ್ದರು, ಮತ್ತೆ ಬಂದದ್ದು 1884ರಲ್ಲಿ, ಆಕೆ ಸತ್ತ ಎಂಟು ವರ್ಷದ ಮೇಲೆ. ಉಳಿದದ್ದು ನ್ಯಾಯಾಲಯದ ಮೂಲಕ ಬೇರೆಯಾಗುವ ದಾರಿಯೊಂದೇ. ಮಿಶೆಲ್ ದ ಬೂರ್ಜ್ ಎಂಬ ವಕೀಲ ವಾದಿಸಿ 1836ರಲ್ಲಿ ನೊಆಂ ಆಕೆಗೆ ಮರಳಿತು. ಹುಟ್ಟಿನಿಂದ ಬಂದ ಮನೆಗಾಗಿ ಕೋರ್ಟು ಹತ್ತಬೇಕಾಯಿತು ಅನ್ನುವುದನ್ನು ಹೊಸಿಲು ದಾಟುವಾಗ ನೆನೆಯಬೇಕು.

ಅಡುಗೆಮನೆಯಲ್ಲಿ ತಾಮ್ರದ ಪಾತ್ರೆಗಳು, ಕೋಣೆಗಳಿಂದ ಆಳುಗಳನ್ನು ಕರೆಯುವ ಗಂಟೆಗಳ ಸಾಲು. ಊಟದ ಕೋಣೆಯಲ್ಲಿ ವೆನಿಸ್ಸಿನ ಗಾಜಿನ ತೂಗುದೀಪ, ಬಡಿಸಲು ಸಿದ್ಧವಾದ ಮೇಜು, ಅತಿಥಿಗಳ ಹೆಸರಿನ ಚೀಟಿಗಳು. ಎಲ್ಲರೂ ಇಲ್ಲಿ ಫೋಟೊದ ಆಸೆಗೆ ನಿಲ್ಲುತ್ತಾರೆ. ಆದರೆ ಪಕ್ಕದ ಹಜಾರದ ಅಂಡಾಕಾರದ ಮೇಜಿನ ಕತೆಯೇ ದೊಡ್ಡದು. ಊರ ಬಡಗಿ ಪಿಯೇರ್ ಬೊನ್ನ್ಯಾಂ ಮಾಡಿಕೊಟ್ಟದ್ದು. ರಾತ್ರಿ ಊಟದ ಮೇಲೆ ಎಲ್ಲರೂ ಇದರ ಸುತ್ತ ಕೂರುತ್ತಿದ್ದರು: ಒಬ್ಬರು ಗಟ್ಟಿಯಾಗಿ ಓದುವುದು, ಮಗ ಮೊರೀಸ್ ಚಿತ್ರ ಬಿಡಿಸುವುದು, ಸಾಂಡ್ ಗೊಂಬೆಗಳಿಗೆ ಅಂಗಿ ಹೊಲಿಯುವುದು.

ನೆಲಮಹಡಿಯಲ್ಲೇ ಒಂದು ಕಿರುಕೋಣೆಯಿದೆ. ಮದುವೆಯ ವರ್ಷಗಳಲ್ಲಿ ಮಕ್ಕಳು ಪಕ್ಕದ ದೊಡ್ಡ ಕೋಣೆಯಲ್ಲಿ ಮಲಗಿದ ಮೇಲೆ ಆಕೆ ಇಲ್ಲಿ ತೂಗುಮಂಚದಲ್ಲಿ ಮಲಗುತ್ತಿದ್ದಳು. ಬರೆಯುವ ಮೇಜು ಅಂದರೆ ಒಂದು ಗೋಡೆಯ ಬೀರು. ಅದರ ಬಾಗಿಲು ತೆರೆದರೆ ಅದೇ ಮೇಜು. ಅದರ ಮೇಲೊಂದು ಮಿಡತೆ ಬಂದು, ಲಕೋಟೆ ಅಂಟಿಸುವ ಬಿಲ್ಲೆಗಳನ್ನು ತಿನ್ನುತ್ತಿತ್ತು. ಬಣ್ಣದ ಬಿಲ್ಲೆಯಲ್ಲಿ ವಿಷವಿದ್ದೀತೆಂದು ಆಕೆ ಅದಕ್ಕೆ ಬಿಳಿಯವನ್ನೇ ಇಡುತ್ತಿದ್ದಳು. ಒಂದು ದಿನ ಕೆಲಸದವಳು ಕಿಟಕಿ ಮುಚ್ಚುವಾಗ ಸಿಕ್ಕಿ ಅದು ಸತ್ತಿತು. ಪುಟ್ಟ ಸಂಗತಿ, ಆದರೆ ಆ ಕೋಣೆಯ ಒಂಟಿತನ ಎಷ್ಟಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮಾರ್ಗದರ್ಶಕರು ಇಲ್ಲಿ ಬೇಗ ಬೇಗ ದಾಟಿಸುತ್ತಾರೆ. ತಂಡದ ಹಿಂದುಗಡೆ ನಿಂತು ನಿಧಾನವಾಗಿ ನೋಡಿ.

ಮೇಲೆ ಶೋಪ್ಯಾಂ ಕೋಣೆ. 1839ರಲ್ಲಿ ಮತ್ತು 1841ರಿಂದ 1846ರವರೆಗೆ, ಒಟ್ಟು ಏಳು ಬೇಸಿಗೆ ಆತ ಇಲ್ಲಿದ್ದ, ಬಾರ್ಕರೋಲ್‌ನಂಥ ಪಿಯಾನೊ ಕೃತಿಗಳನ್ನು ಮಾಡಿದ. ಪಿಯಾನೊ ಹುಡುಕಬೇಡಿ, ಅವರು ಬೇರೆಯಾದ ಮೇಲೆ ಕೋಣೆಯನ್ನು ಎರಡಾಗಿಸಿ ಪುಸ್ತಕಭಂಡಾರ ಮತ್ತು ಕೆಲಸದ ಕೋಣೆ ಮಾಡಿದರು. ಸದ್ದು ತಡೆಯಲು ಹತ್ತಿ ತುಂಬಿದ ಬಾಗಿಲು ಮಾತ್ರ ಉಳಿದಿದೆ. ಕೊನೆಯಲ್ಲಿ ಆಕೆಯ ನೀಲಿ ಕೋಣೆ. ಅತಿಥಿಗಳೆಲ್ಲ ಮಲಗಿದ ಮೇಲೆ ಕೂತರೆ ಬೆಳಗಿನ ಜಾವದವರೆಗೆ, ರಾತ್ರಿಗೆ ಇಪ್ಪತ್ತರ ಹತ್ತಿರ ಪುಟ. ಏಳುವುದು ಮಧ್ಯಾಹ್ನದ ಹೊತ್ತಿಗೆ. 1869ರ ಪತ್ರವೊಂದರಲ್ಲಿ ಆಕೆ ಲೆಕ್ಕ ಒಪ್ಪಿಸಿದ್ದಾಳೆ: ಬರವಣಿಗೆಯಿಂದ ಹತ್ತು ಲಕ್ಷ ಫ್ರಾಂಕ್ ದುಡಿದಿದ್ದೇನೆ, ಎಲ್ಲವನ್ನೂ ಕೊಟ್ಟಿದ್ದೇನೆ, ಉಳಿಸಿದ್ದು 20,000 ಮಾತ್ರ, ಅದೂ ಕಾಯಿಲೆ ಬಿದ್ದರೆ ಮಕ್ಕಳಿಗೆ ಭಾರವಾಗಬಾರದೆಂದು.

ಕೆಳಗೆ ಬಂದರೆ ನಾಟಕದ ಕೋಣೆ. ಮನುಷ್ಯರು ಆಡುವ ವೇದಿಕೆ ಒಂದು, ಪಕ್ಕದಲ್ಲಿ ಗೊಂಬೆಯಾಟದ ವೇದಿಕೆ. ಗೊಂಬೆಗಳ ಮುಖ ಮೊರೀಸ್ ಕೆತ್ತಿದ್ದು, ಉಡುಪು ಅಮ್ಮ ಹೊಲಿದದ್ದು. ಇದು ಮನೆಮಂದಿಯ ಕಾಲಹರಣವಷ್ಟೇ ಆಗಿರಲಿಲ್ಲ. ಪ್ಯಾರಿಸ್‌ಗೆ ಕಳಿಸುವ ನಾಟಕದ ಮಾತು ಬಾಯಿಗೆ ಕೂರುತ್ತದೆಯೇ, ಪ್ರವೇಶ ಎಳೆಯುತ್ತದೆಯೇ ಎಂದು ಇಲ್ಲಿ ಆಡಿ ನೋಡುತ್ತಿದ್ದರು. 1864ರಲ್ಲಿ ಓದೆಯಾಂ ರಂಗಮಂದಿರದಲ್ಲಿ ‘ಮಾರ್ಕಿ ದ ವಿಲ್‌ಮೇರ್’ ಭಾರಿ ಯಶಸ್ಸು ಕಂಡಿತು.

ತೋಟದಲ್ಲಿ ಇಬ್ಬರು ಮಕ್ಕಳ ಹೆಸರಲ್ಲಿ ನೆಟ್ಟ ಎರಡು ದೇವದಾರುಗಳಿವೆ. ಪಕ್ಕದಲ್ಲೇ ಮನೆತನದ ಸ್ಮಶಾನ. 1876ರ ಜೂನ್ 8ರಂದು ಕರುಳಿನ ತಡೆಯಿಂದ ನರಳಿ ಸಾಂಡ್ ತೀರಿಕೊಂಡಳು. 10ರಂದು ಮಳೆಯಲ್ಲಿ ಮಣ್ಣು ಮಾಡಿದರು. ಊರ ರೈತರ ನಡುವೆ ಫ್ಲೊಬೇರ್, ರೆನಾನ್, ಕಿರಿಯ ಡ್ಯೂಮಾರಂಥ ಬರಹಗಾರರು ನಿಂತಿದ್ದರು. ವಿಕ್ಟರ್ ಹ್ಯೂಗೊ ಕಳಿಸಿದ ಮಾತನ್ನು ಓದಲಾಯಿತು: ಸತ್ತವಳಿಗಾಗಿ ಅಳುತ್ತೇನೆ, ಸಾವಿಲ್ಲದವಳಿಗೆ ವಂದಿಸುತ್ತೇನೆ.

ನಾಲ್ಕನೇ ದಿನ, ಶನಿವಾರ: ಕಪ್ಪು ಕಣಿವೆ

ಬೆಳಿಗ್ಗೆ ಲಾ ಶಾತ್ರ್ ಸಂತೆ. ಆಡಿನ ಹಾಲಿನ ಪಿರಮಿಡ್ ಆಕಾರದ ಚೀಸ್ ಇಲ್ಲಿನ ಹೆಮ್ಮೆ. ಊರಲ್ಲಿ ಏಮೆ ಮಿಯೆ ಮಾಡಿದ ಸಾಂಡ್ ಪ್ರತಿಮೆ 1884ರಿಂದ ನಿಂತಿದೆ.

‘ಕಪ್ಪು ಕಣಿವೆ’ ಎಂಬ ಹೆಸರನ್ನು ಈ ಸೀಮೆಗೆ ಇಟ್ಟವಳು ಆಕೆಯೇ. ಬೇಲಿಮರಗಳ ಸಾಲು, ಅವುಗಳ ನಡುವೆ ತಗ್ಗಾದ ಗಾಡಿದಾರಿ. ವಿಕ್ ಊರಿನ ಚರ್ಚಿನೊಳಗೆ 12ನೇ ಶತಮಾನದ ಭಿತ್ತಿಚಿತ್ರಗಳಿವೆ. ಸುಣ್ಣದ ಅಡಿಯಲ್ಲಿದ್ದ ಅವು ಬೆಳಕಿಗೆ ಬಂದದ್ದು 1849ರಲ್ಲಿ. ಮೊಂತಿಪೂರೆ ಬಳಿಯ ಆಂಜಿಬೋ ಗಿರಣಿ ಮತ್ತು ನಾಲ್ಕು ಗೋಪುರಗಳ ಸಾರ್ಜೆ ಕೋಟೆ 1845ರ ‘ಆಂಜಿಬೋದ ಗಿರಣಿಯವನು’ ಕಾದಂಬರಿಯ ಜಾಗಗಳು. ಆಮೇಲೆ ಮೇರ್ ಊರಿನ ಬಳಿಯ ಕಾಡಿನಲ್ಲಿ ‘ಸೈತಾನನ ಹೊಂಡ’. ಅದೇ ಹೆಸರಿನ 1846ರ ಕಾದಂಬರಿಯಲ್ಲಿ ಮಂಜು ಮುಸುಕಿ ದಾರಿ ತಪ್ಪುವ ಜಾಗ ಅದು. ಈಗ ನೋಡಿದರೆ ಸಣ್ಣ ಗುಂಡಿ, ಬೇಸಿಗೆ ಕೊನೆಯಲ್ಲಿ ನೀರೂ ಇರುವುದಿಲ್ಲ. ಪುಸ್ತಕ ಓದದೆ ಹೋದವರು ನಿರಾಶರಾಗಿ ಬರುತ್ತಾರೆ. ಓದಿದವರು ಕೆಸರಿಗೆ ತಕ್ಕ ಬೂಟು ಹಾಕಿ ಹೋಗಲಿ.

ಈ ಹಳ್ಳಿ ಕಾದಂಬರಿಗಳನ್ನು ಮುಗ್ಧ ಗ್ರಾಮಚಿತ್ರಗಳೆಂದು ತಳ್ಳಿಹಾಕುವುದು ತಪ್ಪು. ‘ಫ್ರಾಂಸ್ವಾ ಲ ಶಾಂಪಿ’ಯ ಮುನ್ನುಡಿಯಲ್ಲಿ ಆಕೆ ಕೇಳಿಕೊಂಡ ಪ್ರಶ್ನೆ ಯಾವ ಭಾಷೆಯ ಬರಹಗಾರರಿಗೂ ಹೊಸದಲ್ಲ. ಬೆರಿ ಸೀಮೆಯ ರೈತರ ಮಾತನ್ನು ಹಾಗೇ ಇಟ್ಟರೆ ಪ್ಯಾರಿಸ್‌ನವರಿಗೆ ತಿಳಿಯದು, ಪ್ಯಾರಿಸ್ ಮಾತಿಗೆ ತಿರುಗಿಸಿದರೆ ರೈತ ಮಾಯವಾಗುತ್ತಾನೆ. ಬಲಗಡೆ ಪ್ಯಾರಿಸ್‌ನವನೊಬ್ಬ, ಎಡಗಡೆ ರೈತನೊಬ್ಬ ಕೂತಿದ್ದಾನೆ, ಇಬ್ಬರಿಗೂ ಏಕಕಾಲಕ್ಕೆ ತಿಳಿಯುವಂತೆ ಹೇಳು: ಅಲ್ಲಿ ಬರುವ ಸಲಹೆ ಇದು. ಶೀರ್ಷಿಕೆಯ ‘ಶಾಂಪಿ’ಯೇ ಸ್ಥಳೀಯ ಪದ, ಹೊಲದಲ್ಲಿ ಬಿಟ್ಟುಹೋದ ಕೂಸು. 1848ರ ಕ್ರಾಂತಿಯಲ್ಲಿ ಗಣರಾಜ್ಯ ಸರಕಾರದ ಪ್ರಕಟಣೆಗಳನ್ನು ಬರೆದುಕೊಟ್ಟವಳು, ಪ್ಯಾರಿಸ್ ಕಾರ್ಮಿಕರ ದಂಗೆಯನ್ನು ಸೇನೆ ಹತ್ತಿಕ್ಕಿದ ಜೂನ್ ತಿಂಗಳ ರಕ್ತಪಾತದ ಹೊತ್ತಿಗೆ ನೊಆಂಗೆ ಹಿಂತಿರುಗಿದ್ದಳು. ಆಮೇಲೆ ಬರೆದದ್ದು ‘ಪುಟ್ಟ ಫಾದೆತ್’. ಆ ಶಾಂತ ಕತೆಯ ಹಿಂದೆ ಸೋಲಿನ ನೋವಿದೆ.

ಜುಲೈ ಮಧ್ಯದಲ್ಲಿ ಬಂದವರಿಗೆ ಲಾ ಶಾತ್ರ್ ಹತ್ತಿರದ ಆರ್ಸ್ ಕೋಟೆಯ ಆವರಣದಲ್ಲಿ ವಾದ್ಯ ತಯಾರಕರ ಮೇಳ ಸಿಗುತ್ತದೆ. ಆಕೆ ಸತ್ತ ನೂರನೇ ವರ್ಷ, 1976ರಲ್ಲಿ, ಸಾಂ-ಶಾರ್ತಿಯೆಯಲ್ಲಿ ಶುರುವಾದದ್ದು. ಚಕ್ರ ತಿರುಗಿಸಿ ನುಡಿಸುವ ವಿಯೆಲ್, ಚೀಲದ ಊದುವಾದ್ಯ, 1853ರ ‘ವಾದ್ಯಗಾರರು’ ಕಾದಂಬರಿಯ ನಾದವೆಲ್ಲ ಅಲ್ಲಿ ಕೇಳುತ್ತದೆ. ಆ ವಾರ ಕೋಣೆ ಸಿಗುವುದು ಕಷ್ಟ.

ಐದನೇ ದಿನ, ಭಾನುವಾರ: ಗಾರ್ಜಿಲೆಸ್

ಲಾ ಶಾತ್ರ್‌ನಿಂದ ಪಶ್ಚಿಮಕ್ಕೆ ನವಿ-ಸಾಂ-ಸೆಪುಲ್ಕ್ರ್, ಕ್ಲ್ಯುಯಿ ದಾಟಿ ಹೋದರೆ ಗಾರ್ಜಿಲೆಸ್. ದಾರಿ ಚಿಕ್ಕದು, ತಿರುವು ಹೆಚ್ಚು. ಒಂದು ತಾಸು ಇಟ್ಟುಕೊಳ್ಳಿ. ನವಿಯಲ್ಲಿ ಜೆರುಸಲೇಮಿನ ಸಮಾಧಿಮಂದಿರದ ಮಾದರಿಯ ದುಂಡನೆಯ ಚರ್ಚಿದೆ, ಕಾಲು ಗಂಟೆ ನಿಲ್ಲಬಹುದು. ಗಾರ್ಜಿಲೆಸ್‌ನಲ್ಲಿ ಕಾರನ್ನು ಮೇಲೆಯೇ ಬಿಟ್ಟು ಇಳಿಯಬೇಕು. ಕಲ್ಲಿನ ಇಳಿಜಾರು ಮಳೆ ಬಿದ್ದರೆ ಜಾರುತ್ತದೆ.

1857ರಲ್ಲಿ ಇಲ್ಲಿಗೆ ಸಾಂಡ್ ಮೊದಲು ಬಂದದ್ದು ಅಲೆಕ್ಸಾಂದ್ರ್ ಮಾಂಸೋ ಜೊತೆ. ಮಾಂಸೋ ಅಚ್ಚುಕೆತ್ತನೆಗಾರ, ಆಕೆಯ ಜೊತೆ ಹದಿನೈದು ವರ್ಷ ಬಾಳಿದವ, ಆಕೆಯ ದಿನಚರಿಯನ್ನು 1852ರಿಂದ ಬರೆದಿಟ್ಟವ. ಯಾವ ದಿನ ಎಷ್ಟು ಬರೆದಳು, ಯಾರು ಬಂದರು, ಮಳೆ ಬಂತೇ ಅನ್ನುವುದೆಲ್ಲ ಇಂದು ತಿಳಿದಿರುವುದು ಆತನ ಶಿಸ್ತಿನಿಂದ. ಶೋಪ್ಯಾಂ ಹೆಸರು ಗೊತ್ತಿರುವಷ್ಟು ಜನಕ್ಕೆ ಈತನ ಹೆಸರು ಗೊತ್ತಿಲ್ಲದಿರುವುದು ಬೇಸರದ ಮಾತು. ಅದೇ ವರ್ಷ ಇಲ್ಲೊಂದು ಪುಟ್ಟ ಗುಡಿಸಲು ಮನೆ ಕೊಂಡ. ಆಫ್ರಿಕಾದಲ್ಲಿ ಕಾಣುವ ‘ಆಲ್ಜಿರಾ’ ಚಿಟ್ಟೆ ಈ ಬೆಚ್ಚನೆಯ ಕಣಿವೆಯಲ್ಲಿ ಸಿಕ್ಕಿದ್ದರಿಂದ ಮನೆಗೂ ಅದೇ ಹೆಸರು.

ಈಗ ಅದು ಮ್ಯೂಸಿಯಂ. ಕೆಲವೇ ಕೋಣೆ, ತಗ್ಗು ಬಾಗಿಲು, ಹತ್ತು ಜನ ಸೇರಿದರೆ ಉಸಿರು ಕಟ್ಟುತ್ತದೆ. ಋತುವಿನಲ್ಲಷ್ಟೇ ತೆರೆಯುವುದರಿಂದ ಫೋನ್ ಮಾಡಿ ಹೊರಡಿ. ನೊಆಂನಲ್ಲಿ ಸದಾ ಅತಿಥಿಗಳು, ಮೇಜು ತುಂಬ ಊಟ, ರಾತ್ರಿಯಷ್ಟೇ ಆಕೆಯದು. ಇಲ್ಲಿ ಹಗಲೂ ಆಕೆಯದೇ ಆಯಿತು: ಕ್ರೂಜ್ ನದಿಯ ದಂಡೆಯಲ್ಲಿ ನಡೆಯುವುದು, ಕಲ್ಲು, ಗಿಡ, ಚಿಟ್ಟೆ ಕೂಡಿಸುವುದು, ಸಂಜೆ ಕೂತು ಬರೆಯುವುದು. ಹೊರಬಂದು ಚರ್ಚಿನ ನೆಲಮಾಳಿಗೆಯ ಭಿತ್ತಿಚಿತ್ರಗಳನ್ನು ನೋಡಿ, ಹೊಳೆಯ ಗುಂಟ ಕ್ರೂಜ್ ನದಿಯವರೆಗೆ ಇಳಿಯಿರಿ. ಆಕೆ ನಡೆದ ದಾರಿ ಇದೇ.

ಹಿಂತಿರುಗುವಾಗ ಹತ್ತಿರದ ಆರ್ಜಾಂತೋಂ ನಿಲ್ದಾಣ ಕೈಬೀಸಿ ಕರೆಯುತ್ತದೆ, ಆದರೆ ಕಾರನ್ನು ಕೊಡಬೇಕಾದದ್ದು ಶಾತೊರೂನಲ್ಲಿ. ಎ-20 ಹೆದ್ದಾರಿಗೆ ಇಲ್ಲಿ ಸುಂಕವಿಲ್ಲ, ಮುಕ್ಕಾಲು ಗಂಟೆ ಸಾಕು. ಭಾನುವಾರ ಬಾಡಿಗೆ ಕಚೇರಿ ಮುಚ್ಚಿರುತ್ತದೆ. ಕಾರಿನ ಕೀಲಿ ಹಾಕಿಹೋಗುವ ಪೆಟ್ಟಿಗೆ ಇದೆಯೇ ಎಂದು ಗುರುವಾರ ಕಾರು ತೆಗೆದುಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ, ಮತ್ತು ಭಾನುವಾರ ಸಂಜೆಯ ಪ್ಯಾರಿಸ್ ರೈಲು ಬೇಗ ತುಂಬುವುದರಿಂದ ಆ ಟಿಕೆಟನ್ನು ಎಲ್ಲಕ್ಕಿಂತ ಮೊದಲು ತೆಗೆದಿಡಿ.